ಹತ್ತನೇ ತರಗತಿಗೊಂದು ತಿದ್ದುಪಡಿ

ಇಪ್ಪತ್ತೆರಡು ವರ್ಷ
ಕುಂಬಳೆಯ ಶಾಲೆಯ ಕರಿಹಲಗೆಯ ಮೇಲೆ
ಮಿದುಳಿನ ಚಿತ್ರ ಬರೆದು, ಚಾಕಿನ ಕೈಯನ್ನು ಸೆರಗಿಗೊರೆಸಿ
ಹೇಳಿದ್ದೇನೆ:
ಚರ್ಮ ಹರಿದರೆ ಕೂಡಿಕೊಳ್ಳುತ್ತದೆ ಮಕ್ಕಳೇ,
ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ,
ಮಿದುಳಿನ ಕೋಶ ಮಾತ್ರ ಹೋದರೆ ಹೋಯಿತು.
ಅಡಿಗೆರೆ ಎಳೆದುಕೊಳ್ಳಿ,
ಎರಡು ಮಾರ್ಕಿಗೆ ಬರುತ್ತದೆ.

ಎಳೆದುಕೊಂಡರು, ಪಾಪ.
ನಾನೂ ಎಳೆದುಕೊಂಡಿದ್ದೆ.

ಹಾಗಾಗಿ ಆ ಅಕ್ಟೋಬರಿನಲ್ಲಿ
ಬೆಳಗಿನ ಪ್ಯಾಸೆಂಜರು ಮೊಗ್ರಾಲು ಹೊಳೆ ದಾಟುವಾಗ
ನೀರು ಕಂಡರೂ ನೀರು ಅಂತ ಅನ್ನಿಸದೆ,
ಮಂಗಳವಾರ ಬುಧವಾರದ ಮೇಲೆ ಕವುಚಿ ಬಿದ್ದು
ಎರಡೂ ಒಂದೇ ಆದಾಗ
ನನಗೇನೂ ಆಶ್ಚರ್ಯವಾಗಲಿಲ್ಲ.
ಪಾಠದಲ್ಲೇ ಇದೆಯಲ್ಲ.
ಮುಂದಿನ ಬೆಂಚಿನ ಅವಳಿಗಳು ಹರ್ಷಿಣಿ, ವರ್ಷಿಣಿ.
ಇಬ್ಬರನ್ನೂ 'ಏ ಮಗಾ' ಅಂದು ಸುಧಾರಿಸಿದೆ.

ಕಂಡುಹಿಡಿದದ್ದು ಡ್ರಿಲ್ಲಿನ ಕುಂಞಂಬು ಮಾಸ್ಟರು:
"ಜಲಜಾಕ್ಷಿ ಟೀಚರೇ, ಹಾಜರಿ ಪುಸ್ತಕದಲ್ಲಿ
ಮೂರು ದಿನದಿಂದ ಒಂದೇ ತಾರೀಕು."

ಕಾಸರಗೋಡಿನ ಬ್ಯಾಂಕ್ ರಸ್ತೆ, ಎರಡನೇ ಮಾಳಿಗೆ.
ಡಾಕ್ಟರ್ ರಸೀನಾ ನನ್ನದೇ ಹಳೆಯ ಬ್ಯಾಚು.
"ಆ ಎರಡು ಮಾರ್ಕು ನನಗೂ ಸಿಕ್ಕಿತ್ತು ಟೀಚರ್," ಅಂದಳು,
"ಈಗ ವಾಪಸು ಕೊಡಬೇಕಾಗಿದೆ."

ಕಿವಿಯ ನೇರಕ್ಕೆ, ತೀರಾ ಒಳಗೆ,
ಕಡಲಕುದುರೆಯ ಹಾಗೆ ಬಾಗಿದ ಒಂದು ಭಾಗವಂತೆ.
(ಗೊತ್ತು. ಕೊಯಿಪ್ಪಾಡಿಯ ಹುಡುಗನೊಬ್ಬ ಬಲೆಯಿಂದ ಬಿಡಿಸಿ ತಂದದ್ದು
ನಮ್ಮ ಲ್ಯಾಬಿನ ಬಾಟಲಿಯಲ್ಲಿದೆ,
ಫಾರ್ಮಲಿನ್ನಿನಲ್ಲಿ ಹಳದಿಯಾಗಿ, ಬಾಲ ಸುರುಳಿ ಸುತ್ತಿ.
ಮೂರು ಭಾಷೆಯ ಚೀಟಿ ನನ್ನ ಕೈಬರಹವೇ.)
ಅಲ್ಲಿ ಹೊಸ ಕೋಶ ಹುಟ್ಟುತ್ತದಂತೆ.
ಇಲಿಗಳಲ್ಲಿ ನಿಜ, ನೋಡಿದ್ದಾರೆ.
ಮನುಷ್ಯರಲ್ಲಿ ಹೌದು ಅನ್ನುವವರೂ ಇದ್ದಾರೆ, ಇಲ್ಲ ಅನ್ನುವವರೂ;
ಜಗಳ ಇನ್ನೂ ಮುಗಿದಿಲ್ಲ.
ದುಃಖ ಬಹಳ ದಿನ ಮನೆ ಮಾಡಿದರೆ
ಮೊಳಕೆ ಕಮ್ಮಿಯಾಗಬಹುದು.
ಮಾತ್ರೆ ವಾರಗಟ್ಟಲೆ ಕಾಯಿಸುವುದು ಅದಕ್ಕೇ ಇರಬಹುದು,
ಹುಟ್ಟಿದ್ದು ಬಲಿಯಲು ದಿನ ಹಿಡಿಯುತ್ತದಲ್ಲ.

ಉತ್ತರಪತ್ರಿಕೆಯಲ್ಲಿ 'ಇರಬಹುದು' ಅಂತ ಬರೆದರೆ
ಅರ್ಧ ಮಾರ್ಕು ಕಳೆಯುವವಳು ನಾನು.
ಆವತ್ತು ಅದನ್ನೇ
ರೈಲಿನ ಟಿಕೇಟಿನಂತೆ ಕರವಸ್ತ್ರದ ತುದಿಗೆ ಕಟ್ಟಿಕೊಂಡು ಬಂದೆ.

ಬಾಗಿಲ ತನಕ ಬಂದು ಕೇಳಿದ್ದೆ:
ಆ ಎಳೆಯ ಕೋಶಗಳಿಗೆ ಕೆಲಸವೇನು?
"ಒಂದರಂತೆ ಕಾಣುವ ಎರಡನ್ನು
ಬೇರೆ ಬೇರೆ ಅಂತ ಗುರುತಿಸುವುದು, ಟೀಚರ್.
ನಿನ್ನೆ ಕೊಡೆ ಇಟ್ಟ ಮೂಲೆ, ಇವತ್ತು ಇಟ್ಟ ಮೂಲೆ."

ಮೊದಲ ವಾರ ಬಾಯಿ ಒಣಗಿತು, ಅಷ್ಟೆ.
ಎರಡನೆಯದು, ಏನಿಲ್ಲ.
ನಡೆಯಲು ಹೇಳಿದ್ದಳು; ಸಂಜೆ ಕೊಯಿಪ್ಪಾಡಿಯ ಮರಳಿನಲ್ಲಿ
ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ, ಯಾರದೋ ಕೆಲಸಕ್ಕೆ ಹೋಗುವವಳಂತೆ.
ಮೂರನೆಯ ವಾರ ರಸೀನಾಳ ಮೇಲೆ ಸಿಟ್ಟು,
ಇಲಿಗಳ ಮೇಲೂ.

ಐದನೆಯ ವಾರದ ಒಂದು ಬೆಳಿಗ್ಗೆ
ಅದ್ರಾಮನ ಸ್ಕೂಟರು ಗೇಟಿನ ಹತ್ತಿರ ಪೋಂ ಅಂದಿತು.
ಪೆಟ್ಟಿಗೆಯ ಐಸು ಸರಿಸಿ ಬೂತಾಯಿ ತೋರಿಸಿದ.
"ಇದು ನಿನ್ನೆಯದ್ದು," ಅಂದೆ.
"ಅಲ್ಲ ಟೀಚರೇ, ಇವತ್ತಿನದ್ದು, ಅಲ್ಲಾನಾಣೆ—"
"ನಿನ್ನೆಯದ್ದು. ಕಣ್ಣು ನೋಡು. ಕಿವಿರು ನೋಡು.
ನಿನ್ನೆ ಬೇರೆ, ಇವತ್ತು ಬೇರೆ ಮಾರಾಯ!"
ಜಗಳ ಕೇಳಿ ಪಕ್ಕದ ಮನೆಯ ನಾಯಿಯೂ ಎದ್ದಿತು.
ಅದ್ರಾಮ ಸೋತ, ಹತ್ತು ರೂಪಾಯಿ ಇಳಿಸಿದ,
ಹೋಗುವಾಗ ನಕ್ಕ: "ಟೀಚರಿಗೆ ಜೀವ ಬಂತು."

ಒಲೆಯ ಮುಂದೆ ನಿಂತು ಆ ಮೀನನ್ನೇ ಕೊಚ್ಚುತ್ತಾ
ಬಹಳ ಹೊತ್ತು ಅತ್ತೆ.
ಅದು ಬೇರೆ ಅಳು.

ಈ ವರ್ಷ ಅದೇ ಪಾಠ ಮತ್ತೆ ಬಂತು.
ಚಿತ್ರ ಬರೆದೆ. ಹಳೆಯ ವಾಕ್ಯ ಬರೆದೆ.
ಡಸ್ಟರು ತೆಗೆದು ಅರ್ಧ ಒರೆಸಿದೆ.
ಅಡಿಗೆರೆ ಬೇಡ ಮಕ್ಕಳೇ,
ಇದನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

"ಪರೀಕ್ಷೆಗೆ ಬಂದರೆ ಏನು ಬರೆಯುವುದು ಟೀಚರ್?"

ಹಿಂದಿನ ವರ್ಷ ಹತ್ತರಲ್ಲಿ ಫೇಲಾಗಿ
ಇಬ್ಬರೂ ಅದೇ ಬೆಂಚಿನಲ್ಲಿ ಉಳಿದಿದ್ದಾರೆ.
ಕೇಳಿದವಳು ಹರ್ಷಿಣಿ.
ವರ್ಷಿಣಿಯ ಹುಬ್ಬಿನ ಮೇಲೆ ಮಚ್ಚೆಯಿಲ್ಲ.